ಅರದಿಂದ ಉಜ್ಜಿ ಕೂರಿಸಿದ ಕಾರ್ಡು

‘ಇದು ಕೂರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಬನಹಟ್ಟಿಯವನು, ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವನು. ಮಗ್ಗಕ್ಕೆ ತಂದ ಯಾವ ಬಿಡಿಭಾಗವೂ ತಾನಾಗಿ ಕೂತದ್ದನ್ನು ನಾನು ಕಂಡಿಲ್ಲ. ದಪ್ಪವಿದ್ದರೆ ಅರದಿಂದ ಉಜ್ಜಬೇಕು, ಸಡಿಲವಿದ್ದರೆ ತಗಡಿನ ಚೂರು ತುರುಕಬೇಕು. ಹೀಗಿರುವಾಗ, ನನ್ನ ಹೊಸ ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತದೆ ಎಂದದ್ದಕ್ಕೆ ದಂತವೈದ್ಯರು, “ಮನ್ಯಾಗ ಕೈ ಹಚ್ಚಬ್ಯಾಡ್ರಿ, ಸೋಮವಾರ ಬರ್ರಿ” ಎಂದರೆ ಅವಮಾನವಾಗದೆ ಇರುತ್ತದೆಯೇ? ಹಲ್ಲಿನ ಮಾತು ಹಾಗಿರಲಿ, ಹೇಳಹೊರಟದ್ದು ಕಂಪ್ಯೂಟರಿನ ವಿಷಯ.

ನನ್ನ ಹೆಂಡತಿ ಸುಮಿತ್ರಾ ಸೀರೆಯ ಅಂಚಿಗೆ ಡಿಸೈನ್ ಮಾಡುತ್ತಾಳೆ. ಅವಳ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸತ್ತು ಪರದೆ ಕಪ್ಪಾಯಿತು. ಮೂರು ತಿಂಗಳು ಕೂತು ಮಾಡಿದ ನವಿಲಿನ ಅಂಚು ಅದರೊಳಗೇ ಉಳಿಯಿತು, ಬೇರೆಲ್ಲೂ ನಕಲಿಲ್ಲ. ಹೊಸ ಕಂಪ್ಯೂಟರನ್ನೇ ಕೊಳ್ಳಿ ಎಂದು ಕಂಡವರೆಲ್ಲ ಹೇಳಿದರು. ನಾನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮುಧೋಳದ ಷಡ್ಡಕನ ಅಟ್ಟದಿಂದ ಇನ್ನೂ ಹಳೆಯದೊಂದು ಕಾರ್ಡು ಹುಡುಕಿ ತಂದೆ. ಜಮಖಂಡಿಯಿಂದ ಬಂದ ರಿಪೇರಿಯ ಮಹಾಂತೇಶ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದ.

“ಇದು ಕೂಡೂದಿಲ್ರಿ ಕಾಕಾ. ಕಾರ್ಡು ಮೂರು ಪಾಯಿಂಟ್ ಮೂರು ವೋಲ್ಟಿಂದು, ಬೋರ್ಡು ಒಂದೂವರಿ ವೋಲ್ಟಿಂದು. ತಪ್ಪಿ ಹಾಕಬಾರದಂತನ ಸ್ಲಾಟಿನ್ಯಾಗ ಈ ತಡಿ ಇಟ್ಟಾರ.”

ಅವನು ಹೋದ ಮೇಲೆ ಅರ ತೆಗೆದೆ. “ಅಂವ ಬ್ಯಾಡ ಅಂದಾನಲ್ರಿ,” ಎಂದಳು ಸುಮಿತ್ರಾ. “ಅಂವಗೇನ ಗೊತ್ತ, ಮಗ್ಗಾ ನಡಸ್ಯಾನೇನು?” ಎಂದೆ. ತಡೆ ಇರುವ ಜಾಗಕ್ಕೆ ಸರಿಯಾಗಿ ಕಾರ್ಡಿನ ಅಂಚನ್ನು ಉಜ್ಜಿ ಕಚ್ಚು ಕೊರೆದು ಒತ್ತಿದೆ. ಕೂತಿತು. ಸ್ವಿಚ್ ಹಾಕಿದೆ. ಪರದೆಯ ಮೇಲೆ ಬರಬೇಕಾದ ನವಿಲಿನ ಬದಲು ಡಬ್ಬಿಯ ಹಿಂದಿನಿಂದ ಹೊಗೆ ಬಂತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. “ಮೂರು ತಿಂಗಳ ಕೆಲಸ ಇತ್ರಿ ಅದರಾಗ” ಎಂದಷ್ಟೇ ಹೇಳಿ ಎದ್ದುಹೋದಳು. ಆಗ ಮಾತ್ರ, ಸುಳ್ಳೇಕೆ ಹೇಳಲಿ, ನನಗೆ ನನ್ನ ಕೈಗಳ ಮೇಲೇ ಸಿಟ್ಟು ಬಂತು. ಮರುದಿನ ಅವಳೇ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಜಮಖಂಡಿ ಬಸ್ಸು ಹತ್ತಿದಳು. ಸುಟ್ಟದ್ದು ಬೋರ್ಡು ಮಾತ್ರ, ನವಿಲು ಡಿಸ್ಕಿನಲ್ಲಿ ಸುರಕ್ಷಿತವಾಗಿತ್ತು. ಮಹಾಂತೇಶ ಅಂಥದ್ದೇ ಹಳೆಯ ಬೋರ್ಡು, ಅದಕ್ಕೊಪ್ಪುವ ಕಾರ್ಡು ಹುಡುಕಿ ಹಾಕಿಕೊಟ್ಟ. ಹೊಸ ಕಂಪ್ಯೂಟರ್ ಕೊಳ್ಳಲಿಲ್ಲವಾದ್ದರಿಂದ ಗೆದ್ದವನು ನಾನೇ. ಕಾರ್ಡು ಕೂರುವುದಿಲ್ಲ ಎಂದಿದ್ದರು, ಕೂತಿತ್ತು. ಹೊಗೆ ಬಂದದ್ದು ಆಮೇಲಿನ ಮಾತು.

ಸುಮಿತ್ರಾ ಈಗ ಅರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಇವತ್ತು ಶುಕ್ರವಾರ, ಹಲ್ಲು ಒತ್ತುತ್ತಲೇ ಇದೆ. ಸೋಮವಾರದ ತನಕ ಯಾರು ಕಾಯುತ್ತಾರೆ? ಮೊಳೆಗೆ ನೇತುಹಾಕಿದ್ದ ಹಳೆಯ ಕೀಲಿಕೈಯೊಂದನ್ನು ಬೀಗಕ್ಕೆ ಹಾಕಿ ನೋಡಿದೆ. ತುಸು ಉಜ್ಜಿದರೆ ಕೂರುತ್ತದೆ. ಉಜ್ಜುವ ಅರ ಟ್ರಂಕಿನೊಳಗಿದೆ.