ಮೂರನೆಯ ‘ಬೇಡ’

ನನ್ನ ಹೆಂಡತಿಯ ಸೋದರಮಾವನನ್ನು ಉಪವಾಸ ಕೆಡವುವುದು ಬಹಳ ಸುಲಭ. “ಇನ್ನೊಂದು ಸ್ವಲ್ಪ ಹಾಕಲಾ?” ಎಂದು ಒಂದೇ ಒಂದು ಸಲ ಕೇಳಿ ಸುಮ್ಮನಾದರೆ ಆಯಿತು!

ಅವರ ಮೊದಲನೆಯ ‘ಬೇಡ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದನ್ನು ಹೇಳುವಾಗ ತಟ್ಟೆಗೆ ಅಡ್ಡ ಹಿಡಿದ ಬೆರಳುಗಳು ತಾವಾಗಿಯೇ ಅಗಲವಾಗುತ್ತವೆ. ಸಾರು ಇಳಿಯುವಷ್ಟು ಸಂದಿ! ನಡುವೆ ಕತ್ತು ಉದ್ದ ಮಾಡಿ ಪಾತ್ರೆಯೊಳಗೆ ಇಣುಕುವ ಚಾಳಿ ಬೇರೆ. ಸ್ವೀಡನ್ನಿನ ಸೋಲ್ನಾದಲ್ಲಿ ದೊಡ್ಡ ಕೆಲಸದಲ್ಲಿರುವ ಮನುಷ್ಯ, ಶನಿವಾರ ಬಂತೆಂದರೆ ರೈಲು ಹತ್ತಿ ನಾರ್‌ಶೋಪಿಂಗಿನ ನಮ್ಮ ಮನೆಗೆ ಹಾಜರು. ಒಮ್ಮೆ ಹೀಗೆ ಬೇಡ ಬೇಡ ಅನ್ನುತ್ತಲೇ ಒಂಬತ್ತು ಹೋಳಿಗೆ ಮುಗಿಸಿ, “ಹೇಳಿದ ಮಾತು ಕೇಳೋರೇ ಇಲ್ಲ ಈ ಮನೇಲಿ!” ಎಂದು ನಮ್ಮನ್ನೇ ಗದರಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯಿಂದ ಇಲ್ಲಿಯವರೆಗೂ ಹೋಟೆಲುಗಳಲ್ಲಿ ಬೇಯಿಸಿ, ಬಡಿಸಿ ಬದುಕಿದವನು. ಆ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಒಂದು ಆಸೆ ಇತ್ತು: ಎರಡು ದಿನವಾದರೂ ಸಾಹುಕಾರನ ಹಾಗೆ ಕೂತು, ಬೇರೆಯವರ ಕೈಯಲ್ಲಿ ಬಡಿಸಿಕೊಂಡು ಉಣ್ಣಬೇಕು. ಅದಕ್ಕೇ ಈ ಬೇಸಿಗೆಯಲ್ಲಿ ಸರೋವರದ ದಡದ ಹಳ್ಳಿ ಬಂಗಲೆಯೊಂದರಲ್ಲಿ ರೂಮು ಹಿಡಿದೆವು. ಹಿಂದೆ ಜಮೀನ್ದಾರರ ಮನೆ, ಈಗ ಅತಿಥಿಗಳಿಗೆ ಊಟ-ವಸತಿ. ಸೌಟು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟೆ. ಮಾವನೂ ಹೊರಟರು. “ನಾನ್ಯಾಕಪ್ಪಾ, ನಾನು ಬರಲ್ಲ” ಎಂದು ಮೂರು ಸಲ ಹೇಳಿದ ಮೇಲೆ!

ಆ ಬಂಗಲೆಯಲ್ಲಿ ಅಡುಗೆ, ಬಡಿಸುವುದು ಎರಡೂ ಒಡತಿಯದೇ. ಬಿಳಿ ಮೇಜುವಸ್ತ್ರ, ಉರಿಯುವ ಮೇಣದಬತ್ತಿ. ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಆಕೆ ಮಾವನ ಬಳಿ ಬಂದರು.

“ನೇಯ್, ತಾಕ್,” ಅಂದರು ಮಾವ. ಬೇಡ, ಥ್ಯಾಂಕ್ಸ್ ಅಂತ.

ಆಕೆ ನಕ್ಕು ಪಕ್ಕದ ಮೇಜಿಗೆ ಹೋಗಿಬಿಟ್ಟರು! ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗುವ ಮೂರು ವರ್ಷದ ಮಗು ಬೇಡ ಅಂದರೂ ಮರುಮಾತಾಡದ ದೇಶ ಇದು. ಐವತ್ತೆಂಟರ ಗಂಡಸನ್ನು ಬಲವಂತ ಮಾಡುತ್ತಾರೆಯೇ?

“ಹೋಗೇಬಿಟ್ರಲ್ರೀ, ಅಳಿಯಂದ್ರೇ!”

“ನೀವೇ ಬೇಡ ಅಂದ್ರಲ್ಲ ಮಾವ.”

“ಅಂದೆ. ಅಂದ್ಮಾತ್ರಕ್ಕೆ ಬೇಡ ಅಂತಾನಾ?”

ಅಂದು ರೂಮಿನಲ್ಲಿ ಅವರು ತಿಂದದ್ದು ಚೀಲದ ತಳದಲ್ಲಿ ಸಿಕ್ಕ ಕೋಡುಬಳೆ ಚೂರು.

ಮರುದಿನ ನನ್ನ ಹೆಂಡತಿ ಸ್ವೀಡಿಷ್‌ನಲ್ಲಿ ಒಡತಿಗೆ ಎಲ್ಲ ವಿವರಿಸಿದಳು: ನಮ್ಮ ಮಾವನನ್ನು ಮೂರು ಸಲ ಕೇಳಬೇಕು. ಆಕೆ ಕಾನೂನು ಕೇಳಿಸಿಕೊಂಡಷ್ಟು ಶ್ರದ್ಧೆಯಿಂದ ತಲೆಯಾಡಿಸಿದರು. ಸಂಜೆ ಊಟದಲ್ಲಿ ಮಾವನ ಮುಂದೆ ನೆಟ್ಟಗೆ ನಿಂತು, ಬೆರಳು ಮಡಚುತ್ತಾ, ಒಂದೇ ಉಸಿರಿಗೆ “ಬೇಕಾ? ಬೇಕಾ? ಬೇಕಾ?” ಅಂದರು.

ಗಾಬರಿಬಿದ್ದ ಮಾವ, “ನೇಯ್, ನೇಯ್, ನೇಯ್ ತಾಕ್!” ಅಂದುಬಿಟ್ಟರು.

ನಿಯಮ ಪಾಲಿಸಿದ ತೃಪ್ತಿಯಲ್ಲಿ ಒಡತಿ ತಟ್ಟೆ ಸಮೇತ ಅಡುಗೆಮನೆಗೆ ನಡೆದರು. ಬೆರಳ ಸಂದಿಯ ವಿಷಯ ಹೇಳುವುದನ್ನು ನನ್ನ ಹೆಂಡತಿ ಮರೆತಿದ್ದಳು!

ಸೌಟಿಗಾಗಿ ನನ್ನ ಕೈ ತುರಿಸುತ್ತಿತ್ತು. ಮಾತು ಕೊಟ್ಟಿದ್ದೆನಲ್ಲ, ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ಮಾವ ಎದ್ದು ಸೀದಾ ಅಡುಗೆಮನೆಗೇ ನುಗ್ಗಬೇಕೇ? ಮೇಜಿನವರೆಲ್ಲ ನೋಡುತ್ತಿದ್ದಾರೆ! ನನ್ನ ಎರಡು ದಿನದ ಸಾಹುಕಾರಿಕೆ ಮಣ್ಣುಪಾಲಾಯಿತೆಂದು ಹಿಂದೆಯೇ ಓಡಿದೆ. ಮಾವ ಆಲೂಗಡ್ಡೆಯ ತಟ್ಟೆಯೊಳಗೆ ಇಣುಕುತ್ತಿದ್ದರು.

“ಮಾವ, ಮಾನ ಕಳೀಬೇಡಿ, ಬನ್ನಿ.”

“ಇರ್ರೀ. ನೇಯ್ ತಾಕ್ ಬಿಟ್ರೆ ಇವ್ರ ಭಾಷೆ ನಂಗೆ ಬರಲ್ಲ. ಈಯಮ್ಮಂದು ಊಟ ಆಯ್ತಾ ನೀವೇ ಕೇಳಿ.”

ನನ್ನ ಹರುಕುಮುರುಕು ಭಾಷೆಯಲ್ಲಿ ಕೇಳಿದೆ. ಒಡತಿ ಓವನ್ ತೆರೆದು, ತಮಗೆಂದು ಎತ್ತಿಟ್ಟಿದ್ದ ಪಾಲು ತೋರಿಸಿದರು.

“ಹಾಗಾದ್ರೆ ಹಾಕ್ಲಿ ಬಿಡಿ,” ಎಂದು ಮಾವ ಉಸಿರುಬಿಟ್ಟರು.

“ಅದಕ್ಕೇನಾ ನೀವು ಇಣುಕೋದು?”

“ಮತ್ತೆ? ನಮ್ಮಮ್ಮ ಎಲ್ರಿಗೂ ಬಡಿಸಿ, ಕೊನೇಗೆ ಪಾತ್ರೆ ಕೆರ್ಕೊಂಡು ತಿಂತಿದ್ಲು. ಬಡಿಸೋರಿಗೆ ಉಳಿದಿದೆಯೋ ಇಲ್ವೋ ನೋಡ್ದೆ ನಾನು ಹೂಂ ಅನ್ನಲ್ಲ.”

ನಮ್ಮ ಮನೆಯಲ್ಲಿ ಅವರು ಶನಿವಾರ ಶನಿವಾರ ಇಣುಕಿದ್ದು ಯಾರ ಪಾತ್ರೆಯೊಳಗೆ? ಬಡಿಸುತ್ತಿದ್ದವನು ನಾನಲ್ಲವೇ!

ಮೇಜಿಗೆ ಮರಳಿದೆವು. ಮಾವನ ಕೈಯಲ್ಲಿ ಆಲೂಗಡ್ಡೆಯ ತಟ್ಟೆ, ಒಡತಿಯ ದೊಡ್ಡ ಚಮಚ. ಅದು ಮೊದಲು ಬಂದದ್ದು ನನ್ನ ತಟ್ಟೆಯ ಮೇಲೆ.

“ಬೇಡ ಮಾವ.”

“ಹಾಕಿಸ್ಕೊಳ್ರೀ.”

“ಸಾಕು ಮಾವ.”

“ಜೀವಮಾನ ಎಲ್ಲ ಬಡಿಸಿದ್ದೀರಿ. ನಿಮ್ಗೆ ಯಾರಾದ್ರೂ ಬಲವಂತ ಮಾಡಿದಾರಾ?”

ಮೂರನೆಯ ಸಲ ಬೇಡ ಅನ್ನಲು ಬಾಯಿ ತೆರೆದೆ. ತಟ್ಟೆಗೆ ಅಡ್ಡ ಹಿಡಿದಿದ್ದ ಬೆರಳುಗಳು ತಾವಾಗಿಯೇ ಅಗಲವಾದವು.