ಗಾಳಿಯಿಲ್ಲದ ಊರಿಗೊಂದು ವಿಂಚು

ಮನೆಯಲ್ಲಿ ಒಬ್ಬರಿಗೆ ಹುಚ್ಚು ಹಿಡಿದರೆ ಉಳಿದವರಿಗೆ ಕಥೆಗೆ ಬರ ಬರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಆಗಿರುತ್ತದೆ. ನನ್ನ ಪಾಲಿನ ಕೆಲಸ ನಗು ತಡೆದುಕೊಳ್ಳುವುದು, ಅದೂ ಅವರೆದುರು ಮಾತ್ರ.

ಅವರು ಎಂದರೆ ನಮ್ಮ ಯಜಮಾನರು. ಪುತ್ತೂರಿನಲ್ಲಿ ಬ್ಯಾಂಕ್ ಕೆಲಸ. ನಾನು ಅಲ್ಲಿಯೇ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಮೈದುನ ಹಡಗಿನಲ್ಲಿ ಎಂಜಿನಿಯರು. ನಾಲ್ಕೈದು ವರ್ಷದ ಹಿಂದೆ ಅವನು ರಜೆಗೆ ಬರುವಾಗ ಒಂದು ವಿದೇಶಿ ಪತ್ರಿಕೆ ತಂದ. ಅದರಲ್ಲಿ ಯಾರೋ ಒಬ್ಬ ಮುದುಕ ದಡದಲ್ಲಿ ನಿಂತು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ಕೆರೆಯಲ್ಲಿ ಪುಟ್ಟ ಹಾಯಿದೋಣಿ ಓಡಿಸುವ ಚಿತ್ರ. ಅಲ್ಲಿಗೆ ನಮ್ಮ ಮನೆಯ ಶಾಂತಿ ಮುಗಿಯಿತು. ಸಮುದ್ರ ನೋಡಬೇಕಾದರೆ ಮಂಗಳೂರು ಬಸ್ಸು ಹತ್ತಬೇಕಾದ ಊರಿನಲ್ಲಿ, ನಮ್ಮ ಜಗಲಿಯ ಮೇಲೆ ದೋಣಿ ಏಳತೊಡಗಿತು. ಹಾಯಿ ಹಳೆಯ ಕೊಡೆಯ ಕಪ್ಪು ಬಟ್ಟೆಯದ್ದು. ಮುಂದಿನ ರಜೆಯಲ್ಲಿ ಮೈದುನ ರೇಡಿಯೋ ಪೆಟ್ಟಿಗೆಯನ್ನೂ ಚುಕ್ಕಾಣಿ ತಿರುಗಿಸುವ ಸಣ್ಣ ಮೋಟಾರನ್ನೂ ತಂದುಕೊಟ್ಟ. ಬಾಕಿ ಉಳಿದದ್ದು ಹಾಯಿಯ ಹಗ್ಗವನ್ನು ದೂರದಿಂದಲೇ ಎಳೆದು, ಬಿಟ್ಟು ಮಾಡುವ ಇನ್ನೊಂದು ಮೋಟಾರು. ಅದಕ್ಕೆ ಸೈಲ್ ವಿಂಚ್ ಸರ್ವೋ ಎಂದು ಪೂರ್ಣ ನಾಮಧೇಯ. ನಮ್ಮ ಮನೆಯಲ್ಲಿ ಬರೀ ವಿಂಚು.

ಇಷ್ಟಕ್ಕೇ ನಿಂತಿದ್ದರೆ ಅದು ಮನೆಯ ವಿಷಯ. ಆದರೆ ನಾನು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟೆ. ಪ್ರಿನ್ಸಿಪಾಲರ ಕಣ್ಣು ಅರಳಿತು. "ಮೇಡಂ, ಈ ಸಲದ ವಿಜ್ಞಾನ ಪ್ರದರ್ಶನದ ಉದ್ಘಾಟನೆಗೆ ಅದೇ! ಮುಖ್ಯ ಅತಿಥಿಗಳು ಕೆರೆಯ ಆಚೆ ದಡದಲ್ಲಿ ನಿಲ್ಲುದು. ರಿಬ್ಬನ್ ಕತ್ತರಿಸುವ ಕತ್ತರಿ ನಿಮ್ಮ ದೋಣಿಯಲ್ಲಿ ಬರುದು. ಹೇಗೆ?" ಅಲ್ಲಿಯವರೆಗೆ ಉದ್ಘಾಟನೆಗೆ ತನ್ನ ಜ್ವಾಲಾಮುಖಿಯೇ ಎಂದು ನಂಬಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಚಹಾ ಲೋಟ ಕೆಳಗಿಟ್ಟು, "ದೋಣಿ ಬಾರದಿದ್ರೆ?" ಎಂದರು. "ಬಾರದೆ ಎಲ್ಲಿಗೆ ಹೋಗ್ತದೆ?" ಎಂದೆ ನಾನು. ಹಾಗೆ ಹೇಳಿದ ಮೇಲೆ ಭೌತಶಾಸ್ತ್ರ ವಿಭಾಗದ ಮಾನ ಇನ್ನೂ ಕೊಳ್ಳದ ಒಂದು ವಿಂಚಿನ ಮೇಲೆ ಕೂತಿತು.

ಗಾಳಿಗೆ ಟಿಕೆಟ್ ಇಲ್ಲ

ವಿಂಚು ಆರಿಸುವುದಕ್ಕೆ ಮೊದಲು ತಿಳಿಯಬೇಕಾದ್ದು ಗಾಳಿ ಬಂದಾಗ ಹಾಯಿ ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು. ನಮ್ಮ ಅಂಗಳದಲ್ಲಿ ಗಾಳಿಯಿಲ್ಲ. ಮೇಜಿನ ಫ್ಯಾನು ವೋಲ್ಟೇಜ್ ಸಾಲದೆ ಸುಮ್ಮನೆ ಕತ್ತು ತಿರುಗಿಸಿ ನೋಡುತ್ತದೆ, ಅಷ್ಟೇ. ಸುಳ್ಯದಲ್ಲಿ ಒಂದು ಮದುವೆಯಿತ್ತು. ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿದ್ದೇ ತಡ, ಇವರು ಚೀಲದಿಂದ ಕಪ್ಪು ಹಾಯಿಯನ್ನೂ ನಮ್ಮ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನೂ ತೆಗೆದರು. ಹಾಯಿ ಕಿಟಕಿಯ ಹೊರಗೆ, ತಕ್ಕಡಿ ಒಳಗೆ. ನಾನು ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಂಡು, ಯಾರೋ ಅಪರಿಚಿತರ ಪಕ್ಕ ಸೀಟು ಸಿಕ್ಕಿದವಳ ಹಾಗೆ ಎದುರು ನೋಡುತ್ತಾ ಕೂತೆ.

ಹಿಂದಿನ ಸೀಟಿನಿಂದ ಮೊದಲ ಪ್ರಶ್ನೆ ಬಂತು: "ಕಪ್ಪು ಬಾವುಟವಾ? ಇವತ್ತು ಯಾವ ಮಂತ್ರಿ ಬರುದು ಮಾರಾಯ್ರೆ?"

"ಮಂತ್ರಿ ಅಲ್ಲ, ಗಾಳಿ. ಗಾಳಿಯ ಎಳೆತ ನೋಡುದು."

ಮತ್ತೆ ಕೇಳಬೇಕೇ? ಇಳಿಜಾರು ಬಂದಾಗಲೆಲ್ಲ ಇಡೀ ಬಸ್ಸು "ಈಗ ಎಷ್ಟು? ಈಗ ಎಷ್ಟು?" ಎಂದು ಕೇಳತೊಡಗಿತು. ಅಡಿಕೆ ವ್ಯಾಪಾರಿಯೊಬ್ಬರು ಎದ್ದು ಬಂದು ತಕ್ಕಡಿಯನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿ, "ಮುಳ್ಳು ಸ್ವಲ್ಪ ನಿಮ್ಮ ಕಡೆಗೇ ಬಾಗಿದೆ, ಇರ್ಲಿ" ಎಂದು ಮೆಚ್ಚಿಕೊಂಡರು. ಡ್ರೈವರನಿಗೂ ಹುರುಪು ಹತ್ತಿ, ಸಾಮಾನ್ಯವಾಗಿ ನಿಧಾನಿಸುವ ತಿರುವಿನಲ್ಲಿ ನಿಧಾನಿಸಲಿಲ್ಲ. ಮುಳ್ಳು ಕೆಳಗಿನ ತುದಿಗೆ ಹೋಗಿ ಕೂತಿತು. ಇವರು ಆ ಅಂಕಿಯನ್ನೇ ಸಂತೋಷದಿಂದ ಬಾಯಿಪಾಠ ಮಾಡಿಕೊಂಡರು.

ಕಂಡಕ್ಟರ್ ಬಂದು ಎಲ್ಲವನ್ನೂ ಮೇಲಿನಿಂದ ಕೆಳಗೆ ನೋಡಿದ. "ಎಂತ ಇದು, ಗಾಳಿ ತೂಕ ಮಾಡುದಾ?"

"ಹೌದು."

"ಮಾಡಿ, ಮಾಡಿ. ಗಾಳಿಗೆ ಟಿಕೆಟ್ ಇಲ್ಲ. ಆದ್ರೆ ತೂಕ ಆದ ಮೇಲೆ ಅದು ಲಗೇಜು. ಸುಳ್ಯದಲ್ಲಿ ಇಳಿಸುವಾಗ ಹೇಳಿ."

ಎಣ್ಣೆ ಹಚ್ಚಿಕೊಂಡ ಪ್ರಯೋಗ

ವಿಂಚಿನಲ್ಲಿ ಎರಡು ಜಾತಿ. ಒಂದಕ್ಕೆ ಉದ್ದನೆಯ ಕೈ ಇರುತ್ತದೆ. ಕೈ ಆಚೆ ಈಚೆ ಬೀಸಿ ಹಗ್ಗ ಎಳೆಯುತ್ತದೆ. ಬೇಗ ಎಳೆಯುತ್ತದೆ, ಸಿಕ್ಕು ಬೀಳುವುದಿಲ್ಲ, ಆದರೆ ಕೈ ಇದ್ದಷ್ಟೇ ಎಳೆತ. ಇನ್ನೊಂದಕ್ಕೆ ರಾಟೆ. ಹಗ್ಗವನ್ನು ಸುತ್ತಿಕೊಳ್ಳುತ್ತಾ ಎಷ್ಟು ಉದ್ದ ಬೇಕಾದರೂ ಎಳೆಯುತ್ತದೆ, ಆದರೆ ಹಗ್ಗ ಸಡಿಲವಾದರೆ ರಾಟೆಯಿಂದ ಜಾರಿ ಸಿಕ್ಕಾಗುತ್ತದೆಯೆಂದು ಆ ಪತ್ರಿಕೆಯಲ್ಲಿ ಬರೆದಿತ್ತು. ಮೈದುನ ಸಿಂಗಾಪುರದ ಅಂಗಡಿಯಿಂದ ಒಂದನ್ನೇ ತರುವವನು. ಅವನ ಮುಂದಿನ ರಜೆ ನಮ್ಮ ಪ್ರದರ್ಶನಕ್ಕೆ ಸ್ವಲ್ಪ ಮೊದಲು. ಬದಲಾಯಿಸಿ ಕೊಡು ಎಂದು ಸಿಂಗಾಪುರಕ್ಕೆ ಹೋಗಲು ಕಡಬ ಬಸ್ಸಿನಲ್ಲಿ ಆಗುವುದಿಲ್ಲ.

"ಜಾರ್ತದೋ ಇಲ್ಲವೋ, ನಾವೇ ನೋಡುವ" ಎಂದರು ಇವರು. ನಮ್ಮ ಬಾವಿಕಟ್ಟೆಯಲ್ಲಿ ರಾಟೆ ಉಂಟಲ್ಲ! ಅವತ್ತು ದೀಪಾವಳಿಯ ಎಣ್ಣೆಸ್ನಾನ. ಅತ್ತೆ ಮಗನ ನೆತ್ತಿಗೂ ಮೈಗೂ ಧಾರಾಳವಾಗಿ ಎಣ್ಣೆ ತಿಕ್ಕಿದ್ದರು. ನೀರು ಸೇದುತ್ತಿದ್ದ ಅತ್ತೆಯ ಬಳಿ ಇವರು ಹೋಗಿ, "ಅಮ್ಮಾ, ಕೊಡಪಾನ ಅರ್ಧ ಬಂದಾಗ ಹಗ್ಗ ಒಮ್ಮೆ ಸಡಿಲ ಬಿಡಿ" ಎಂದರು.

ಅತ್ತೆ ಮಾತಾಡುವುದು ತುಳುವಿನಲ್ಲಿ. ನಾನು ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದಿದೆ ಎಂದು ತಿಳಿಯಬೇಕು. "ಸಡಿಲ ಬಿಡ್ಲಿಕ್ಕೆ ನಂಗೆ ಮರ್ಲಾ, ಹುಚ್ಚಾ? ಮದುವೆಯಾಗಿ ಬಂದಾಗಿನಿಂದ ಸೇದ್ತಾ ಇದ್ದೇನೆ, ಒಮ್ಮೆಯೂ ಬಿಟ್ಟವಳಲ್ಲ."

ಹಾಗಾದರೆ ತಾನೇ ಬಿಡುತ್ತೇನೆಂದು ಇವರು ಹಗ್ಗ ಹಿಡಿದರು. ಎಣ್ಣೆಯ ಕೈ! ಸಡಿಲ ಬಿಡುವ ಕಷ್ಟವೇ ಬರಲಿಲ್ಲ. ಹಗ್ಗ ತಾನಾಗಿ ಜಾರಿ, ಕುಣಿದು, ರಾಟೆಗೂ ಪಕ್ಕದ ಕಬ್ಬಿಣಕ್ಕೂ ನಡುವೆ ಹೋಗಿ ಗಟ್ಟಿಯಾಗಿ ಕಚ್ಚಿಕೊಂಡಿತು. ಕೊಡಪಾನ ಬಾವಿಯ ನಡುವೆ ತ್ರಿಶಂಕು. ಬಿಡಿಸಲು ಹೋದರೆ ಎಣ್ಣೆ ಕೈ ಮತ್ತೆ ಜಾರುತ್ತದೆ, ಎಣ್ಣೆ ತೊಳೆಯಬೇಕಾದರೆ ನೀರು ಬೇಕು, ನೀರು ಕೊಡಪಾನದಲ್ಲಿದೆ. ಬೆಳಗಿನ ಬಿಸಿಲಲ್ಲಿ ಮಿಂಚುತ್ತಾ ನಿಂತ ಇವರು, "ನೋಡಿದಿರಾ, ಪತ್ರಿಕೆಯಲ್ಲಿ ಬರೆದದ್ದು ಸರಿ!" ಎಂದು ಸಂತೋಷಪಟ್ಟರು.

ನಾನು, ಅತ್ತೆ ಸೇರಿ ಹೇಗೋ ಬಿಡಿಸಿದೆವು. ಉದ್ದ ಎಳೆತ ಬೇಕಾದ್ದರಿಂದ ರಾಟೆಯದ್ದೇ ತರಿಸುವುದು, ಹಗ್ಗ ಸದಾ ಬಿಗಿಯಾಗಿರುವ ಹಾಗೆ ಒಂದು ಇಲಾಸ್ಟಿಕ್ ಕಟ್ಟುವುದು ಎಂದು ತೀರ್ಮಾನವಾಯಿತು. ಅತ್ತೆ ಹಗ್ಗ ಸುತ್ತಿಡುತ್ತಾ ನನ್ನ ಕಡೆ ತಿರುಗಿ ಹೇಳಿದರು: "ಇಷ್ಟೇ ವಿಷಯ. ಎಳೆದು ಹಿಡಿದಷ್ಟು ಹೊತ್ತು ಹಗ್ಗವೂ ಸರಿ, ಗಂಡಸೂ ಸರಿ."

ಅಂಗಡಿಯವನ ಪ್ರಶ್ನೆ

ಬಸ್ಸಿನಲ್ಲಿ ಸಿಕ್ಕಿದ ಅಂಕಿಯನ್ನು ಮೈದುನನಿಗೆ ಬರೆದು ಕಳಿಸಿದ್ದಾಯಿತು. ಇಷ್ಟು ಬಲದ್ದು, ರಾಟೆಯದ್ದು. ಅವನು ರಜೆಗೆ ಬಂದು ಚೀಲದಿಂದ ತೆಗೆದಿಟ್ಟ ವಿಂಚು ನೋಡಿ ನಾನು ಕೇಳಿದೆ, "ಇದನ್ನು ದೋಣಿಯೊಳಗೆ ಇಡುದಾ, ದೋಣಿಯನ್ನು ಇದರೊಳಗೆ ಇಡುದಾ?"

"ಅತ್ತಿಗೆ, ನನ್ನದು ಎಂತ ತಪ್ಪೂ ಇಲ್ಲ" ಎಂದು ಅವನು ಕಥೆ ಹೇಳಿದ. ಸಿಂಗಾಪುರದ ಅಂಗಡಿಯವನು ಮೊದಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡದನ್ನು ತೋರಿಸಿದನಂತೆ. ದೋಣಿ ಎಷ್ಟು ಉದ್ದ ಎಂದು ಕೇಳಿದ. ಇವನು ಕೈ ಅಗಲಿಸಿ ತೋರಿಸಿದ. ಹಾಗಾದರೆ ಇದೇ ಸಾಕು ಎಂದ. ಆಗ ಇವನು ಅಣ್ಣನ ಅಂಕಿ ತೋರಿಸಿದ್ದು. ಅಂಗಡಿಯವನು ಅಂಕಿಯನ್ನೂ ಇವನ ಮುಖವನ್ನೂ ಎರಡೆರಡು ಸಲ ನೋಡಿ, ಏಣಿ ತಂದು, ಎಲ್ಲಕ್ಕಿಂತ ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ಧೂಳು ಊದಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ನಿಮ್ಮ ಊರಿನಲ್ಲಿ ಚಂಡಮಾರುತ ಜಾಸ್ತಿಯಾ?"

"ನೀನು ಎಂತ ಹೇಳಿದೆ?" ಎಂದೆ.

"ಅಣ್ಣ ಬಸ್ಸಿನಲ್ಲಿ ಅಳತೆ ಮಾಡಿದ್ದು ಅಂತ ಹೇಳ್ಲಿಕ್ಕೆ ಆಗ್ತದಾ ಅತ್ತಿಗೆ? ಊರಿನ ಮಾನದ ಪ್ರಶ್ನೆ. ಪುತ್ತೂರಿನಲ್ಲಿ ಸ್ವಲ್ಪ ಕಡಿಮೆ, ಸುಳ್ಯದ ತಿರುವಿನಲ್ಲಿ ಭಾರೀ ಅಂದೆ."

ನೆರೆಮನೆಯ ಬೇಡಿಕೆ

ದೋಣಿಗೆ ಕೂರಿಸುವ ಮೊದಲು ವಿಂಚನ್ನು ಮನೆಯಲ್ಲೇ ಪರೀಕ್ಷಿಸಬೇಕಲ್ಲ. ಹೆರಿಗೆಯಾಗಿ ತವರಿಗೆ ಬಂದಿದ್ದ ನೆರೆಮನೆಯ ಮಗಳು ಕೂಸನ್ನು ನಮ್ಮ ಚಾವಡಿಯಲ್ಲಿ ಸೀರೆ ತೊಟ್ಟಿಲಲ್ಲಿ ಮಲಗಿಸಿ, ಅತ್ತೆಯ ಹತ್ತಿರ ಕಷಾಯದ ಪಾಠ ಕೇಳುತ್ತಿದ್ದಳು. ಇವರು ವಿಂಚನ್ನು ಕಂಬಕ್ಕೆ ಕಟ್ಟಿ, ಅದರ ನೂಲಿನ ತುದಿಯನ್ನು ತೊಟ್ಟಿಲಿಗೆ ಕಟ್ಟಿದರು. ಸೋಫಾದಲ್ಲಿ ಕೂತು ಪೆಟ್ಟಿಗೆಯ ಕಡ್ಡಿ ಎಳೆದರೆ ಜುಂಯ್ ಎಂದು ತೊಟ್ಟಿಲು ಈಚೆ, ಬಿಟ್ಟರೆ ಮೆಲ್ಲಗೆ ಆಚೆ. ಕೂಸು ನಿದ್ದೆ ಮಾಡಿತು. ಇವರೂ ಮಾಡಿದರು.

ಸುದ್ದಿ ಹಬ್ಬಿತು. ಮರುದಿನದಿಂದ ಹೆಂಗಸರು ಸಾಲಾಗಿ ನೋಡಲು ಬಂದರು. ದೋಣಿ ಎದುರಿಗೇ ಇತ್ತು, ಯಾರೂ ಅದರ ಕಡೆ ತಿರುಗಲಿಲ್ಲ. ಕೆದಂಬಾಡಿಯಿಂದ ಬಂದ ಒಬ್ಬ ಅಜ್ಜಿ, ಅವಳಿ ಮಕ್ಕಳಾದರೆ ಎರಡು ಬೇಕಾ, ಒಂದೇ ಸಾಕಾ ಎಂದು ವಿಚಾರಿಸಿದರು. ಇವರಿಗೆ ಅವಮಾನವಾಯಿತು. "ಇದು ಹಾಯಿದೋಣಿಯ ವಿಂಚು ಅಜ್ಜೀ, ಗಾಳಿಯ ಜೊತೆ ಗುದ್ದಾಡುವಂಥದ್ದು!"

ಅಜ್ಜಿ ಕನಿಕರದಿಂದ ನೋಡಿದರು. "ಇಷ್ಟು ಒಳ್ಳೆ ವಸ್ತು! ದೋಣಿಗೆ ಹಾಕಿ ಯಾಕೆ ಹಾಳು ಮಾಡುದು?"

ಹಗ್ಗ ಕಟ್ಟುವ ಕ್ರಮ

ಪ್ರದರ್ಶನದ ದಿನ ಬಂತು. ಕಾಲೇಜಿನ ಹಿಂದಿನ ಕೆರೆಯ ಆಚೆ ದಡದಲ್ಲಿ ಚಪ್ಪರ, ಮೈಕು, ಕೆಂಪು ರಿಬ್ಬನ್. ಈಚೆ ದಡದಲ್ಲಿ ಇವರು, ದೋಣಿ, ಮತ್ತು ಮಗನ ಪ್ರತಾಪ ನೋಡಲು ಹೊಸ ಸೀರೆಯುಟ್ಟು ಬಂದ ಅತ್ತೆ. ಅತ್ತೆಯ ಕೈಯಲ್ಲಿ ವಿಂಚಿನ ಜೊತೆ ಬಂದಿದ್ದ ತೆಳ್ಳಗಿನ ಬಿಳಿ ನೂಲಿನ ಉಂಡೆ.

"ಇದು ಎಂತಕ್ಕೆ ಅಮ್ಮಾ?"

"ಕಟ್ಲಿಕ್ಕೆ. ನೀರಿಗೆ ಇಳಿಸುವ ವಸ್ತುವನ್ನು ಹಗ್ಗ ಕಟ್ಟದೆ ಬಿಡುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ."

"ಅಮ್ಮಾ, ಇದು ವಯರ್‌ಲೆಸ್ಸು!"

"ಕೊಡಪಾನವೂ ವಯರ್‌ಲೆಸ್ಸೇ, ಹಗ್ಗ ಕಟ್ಟುವವರೆಗೆ."

"ನನ್ನ ಮರ್ಯಾದೆ ತೆಗೀಬೇಡಿ" ಎಂದು ಇವರು ಕೈಮುಗಿದರು. ಅತ್ತೆ ಉಂಡೆಯನ್ನು ಸೆರಗಿನ ಮರೆಗೆ ಸರಿಸಿದರು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತೆಂದು ನಾನು ಆಚೆ ದಡಕ್ಕೆ ಓಡಿದೆ.

ಅತಿಥಿಗಳು ನಿವೃತ್ತ ಡಾಕ್ಟರು. ಪ್ರಾರ್ಥನೆ, ಸ್ವಾಗತ ಎಲ್ಲ ಮುಗಿಯಿತು. ಪ್ರಿನ್ಸಿಪಾಲರು ಮೈಕಿನಲ್ಲಿ, "ಈಗ ಕತ್ತರಿಯು ತಾನಾಗಿ ಬರಲಿದೆ!" ಎಂದು ಘೋಷಿಸಿದರು. ಇವರು ಕತ್ತರಿ ಹೊತ್ತ ದೋಣಿಯನ್ನು ಮೆಲ್ಲಗೆ ದೂಡಿ ಬಿಟ್ಟರು. ದೋಣಿ ಗಂಭೀರವಾಗಿ ಕೆರೆಯ ನಡುವಿನವರೆಗೆ ಬಂತು. ಅಲ್ಲಿ ನಿಂತಿತು.

ಗಾಳಿಯಿಲ್ಲ. ಸುತ್ತಲಿನ ತೆಂಗಿನ ಮರದಲ್ಲಿ ಒಂದು ಗರಿ ಅಲುಗುವುದಿಲ್ಲ. ಕಪ್ಪು ಹಾಯಿ ಒಣಗಲು ಹಾಕಿದ ಕೊಡೆಯ ಹಾಗೆ ಜೋತು ಬಿದ್ದಿತ್ತು. ಇವರು ಕಡ್ಡಿ ಎಳೆದಾಗಲೆಲ್ಲ ವಿಂಚು ಜುಂಯ್ ಜುಂಯ್ ಎನ್ನುವುದು ಚಪ್ಪರದವರೆಗೂ ಕೇಳುತ್ತಿತ್ತು. ಚಂಡಮಾರುತದ ಜೊತೆ ಗುದ್ದಾಡಲು ಬಂದ ವಿಂಚು, ಗುದ್ದಾಡಲು ಎದುರಿಗೆ ಯಾರೂ ಇಲ್ಲ! ನಾವು ಬಲ ಅಳೆದಿದ್ದೆವು, ಹಗ್ಗ ಅಳೆದಿದ್ದೆವು, ಸಿಂಗಾಪುರದವರೆಗೆ ಹೋಗಿದ್ದೆವು. ಕೆರೆಯಲ್ಲಿ ಗಾಳಿ ಉಂಟಾ ಎಂದು ಒಬ್ಬರೂ ನೋಡಿರಲಿಲ್ಲ.

ಪ್ರಿನ್ಸಿಪಾಲರು ಮೈಕಿನಲ್ಲಿ "ಬರಲಿದೆ" ಎನ್ನುತ್ತಿದ್ದವರು "ಬರಬಹುದು" ಎನ್ನತೊಡಗಿದರು. ಅತಿಥಿಗಳು ಬೆವರು ಒರೆಸಿಕೊಂಡರು. ರಸಾಯನಶಾಸ್ತ್ರದ ಮೇಷ್ಟ್ರು ಜೇಬಿನಿಂದ ಒಂದು ಹೊಸ ಕತ್ತರಿ ತೆಗೆದು, ನನಗೆ ಕಾಣುವ ಹಾಗೆ ಅದರ ಹರಿತ ನೋಡಿ, "ಬೇಕಾದ್ರೆ ಹೇಳಿ ಮೇಡಂ, ಸಂಕೋಚ ಬೇಡ" ಎಂದರು.

ಆಗ ದಡದ ಜನರ ಸಾಲು ಒಂದು ಕಡೆಯಿಂದ ತಲೆ ಬಗ್ಗಿಸುತ್ತಾ ಬಂತು. ನೋಡಿದರೆ ಅತ್ತೆ! "ಸ್ವಲ್ಪ ಬಗ್ಗಿ ಮಕ್ಕಳೇ, ಮುದುಕಿಗೆ ಮುಂದೆ ಕೂರ್ಬೇಕು" ಎನ್ನುತ್ತಾ, ಬಲಗೈಯನ್ನು ಎತ್ತಿ ಹಿಡಿದು, ಕೆರೆಗೆ ಸುತ್ತು ಬಂದು ನನ್ನ ಪಕ್ಕ ನಿಂತರು. ಕೈ ಸೆರಗಿನೊಳಗೆ ಹೋಯಿತು. ಸೆರಗು ಅಲುಗತೊಡಗಿತು. ಆ ಅಲುಗಾಟ ನನಗೆ ಗುರುತಿನದ್ದು: ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಬಾವಿಕಟ್ಟೆಯ ತಾಳ. ಮಗ ಬ್ಯಾಟರಿ ಹಾಕುವಾಗ ತಾಯಿ ದೋಣಿಯ ಮೂತಿಗೆ ನೂಲು ಕಟ್ಟಿ ಆಗಿತ್ತು!

ದೋಣಿ ಒಮ್ಮೆ ತಲೆ ತಿರುಗಿಸಿ ಯೋಚಿಸಿತು. ಆಮೇಲೆ ಗಾಳಿಯಿಲ್ಲದ ಕೆರೆಯಲ್ಲಿ, ಜೋತುಬಿದ್ದ ಹಾಯಿ ಹೊತ್ತು, ಮದುವೆ ದಿಬ್ಬಣದ ಹಾಗೆ ನೇರ ನಮ್ಮ ಕಡೆ ಬಂತು. ಚಪ್ಪಾಳೆಯೋ ಚಪ್ಪಾಳೆ. ರಸಾಯನಶಾಸ್ತ್ರದ ಕತ್ತರಿ ಜೇಬಿಗೆ ಹೋಯಿತು.

ಡಾಕ್ಟರ ಕಣ್ಣು ಮಾತ್ರ ಸೆರಗಿನ ಮೇಲಿತ್ತು. ಅವರು ಬಗ್ಗಿ ಮೆಲ್ಲನೆ, "ಅಮ್ಮಾ, ನಂಗೂ ಸ್ವಲ್ಪ ಎಳೀಲಿಕ್ಕೆ ಕೊಡ್ತೀರಾ?" ಎಂದರು.

"ನೀವು ಕತ್ತರಿ ತೆಕ್ಕೊಳ್ಳಿ ಡಾಕ್ಟ್ರೇ" ಎಂದರು ಅತ್ತೆ ಅಷ್ಟೇ ಮೆಲ್ಲನೆ. "ರಿಬ್ಬನ್ ಕತ್ತರಿಸಿ. ನೂಲು ಕತ್ತರಿಸ್ಬೇಡಿ, ಫಾರಿನ್ನಿಂದು."

ಡಾಕ್ಟರು ರಿಬ್ಬನ್ ಕತ್ತರಿಸಿ, ವಿಜ್ಞಾನ ಎಷ್ಟು ಮುಂದುವರಿದರೂ ಅದರ ಹಿಂದೆ ಒಂದು ತಾಯಿಯ ಕೈ ಇರುತ್ತದೆ ಎಂದು ಭಾಷಣ ಮಾಡಿದರು. ಪ್ರಿನ್ಸಿಪಾಲರು ಅದನ್ನು ಅಲಂಕಾರವೆಂದು ತಿಳಿದು ಜೋರಾಗಿ ತಲೆಯಾಡಿಸಿದರು.

ಅಷ್ಟು ಹೊತ್ತಿಗೆ ಇವರು ಪೆಟ್ಟಿಗೆ ಹಿಡಿದುಕೊಂಡೇ ಕೆರೆ ಸುತ್ತಿ ಓಡಿ ಬಂದರು. ಮುಖ ಹೂವಿನ ಹಾಗೆ ಅರಳಿತ್ತು. ನೂಲು ಕಾಣದ ಹಾಗೆ ನಾನು ದೋಣಿಗೆ ಅಡ್ಡವಾಗಿ ನಿಂತೆ.

"ನೋಡಿದಿರಾ ಅಮ್ಮಾ? ಇಷ್ಟು ಸಣ್ಣ ಗಾಳಿಯಲ್ಲಿಯೂ ಹೇಗೆ ಎಳ್ಕೊಂಡು ಬಂತು! ಅವತ್ತೇ ಹೇಳಿದ್ದೆ, ವಿಂಚು ಆರಿಸುವುದಾದ್ರೆ ಬಲ ನೋಡಿಯೇ ಆರಿಸ್ಬೇಕು. ಒಳ್ಳೆ ವಿಂಚು, ಅಲ್ವಾ?"

ಅತ್ತೆ ನೂಲಿನ ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬಲಭುಜ ಒತ್ತಿಕೊಳ್ಳುತ್ತಾ ಮಗನನ್ನು ಪ್ರೀತಿಯಿಂದ ನೋಡಿದರು.

"ಒಳ್ಳೆದೇ ಮಗಾ. ಪ್ರಾಯ ಆಗಿದೆ, ಅಷ್ಟೇ. ಮನೆಗೆ ಹೋಗಿ ಸ್ವಲ್ಪ ಎಣ್ಣೆ ತಿಕ್ಕಬೇಕು."