ಎರಡನೆಯ ಸಲ ಕೇಳದ ಹಡಗು

ಮನುಷ್ಯರಿಗೆ ಆಸೆಗಳು ಅವರವರ ಊರಿಗೆ ತಕ್ಕ ಹಾಗೆ ಹುಟ್ಟಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಸೇಡಂನಲ್ಲಿರುವವಳಿಗೆ ತೊಗರಿಬೇಳೆಯ ಆಸೆ ಹುಟ್ಟಬೇಕು, ಒಲೆ ಹೊತ್ತಿಸಿದ ಕೂಡಲೇ ತೀರಬೇಕು. ಬಿಸಿಲಿನ ಆಸೆಯಾದರೆ ಬಾಗಿಲು ತೆಗೆದರೆ ಸಾಕು. ಆದರೆ ನನಗೆ ಹುಟ್ಟಿದ್ದು ಹಡಗಿನ ಆಸೆ. ಬೇಸಿಗೆಯಲ್ಲಿ ಕಾಗಿಣಾ ನದಿಯೊಳಗೆ ಎಮ್ಮೆಯ ಬೆನ್ನು ಮುಳುಗುವಷ್ಟು ನೀರು ಉಳಿದರೆ ಅದನ್ನೇ ದೊಡ್ಡ ಸಂಗತಿ ಎಂದು ಮಾತಾಡಿಕೊಳ್ಳುವ ಊರು ನಮ್ಮದು. ಇಂಥಲ್ಲಿ ಕೂತು, ಒಂದು ರಾತ್ರಿ ಹಡಗಿನ ಮೇಲೆ ಕಳೆಯಬೇಕು, ಬೆಳಿಗ್ಗೆ ಎದ್ದು ಕಣ್ಣುಜ್ಜಿದರೆ ನೀರೇ ನೀರು ಕಾಣಬೇಕು ಎಂದು ಹಂಬಲಿಸುವ ಹೆಂಗಸನ್ನು ಯಾರು ಶಾಣ್ಯಾಳು ಅಂದಾರು? ಅದಕ್ಕೇ ಈ ಆಸೆಯನ್ನು ನಾನು ಬಹಳ ವರ್ಷ ಯಾರ ಮುಂದೂ ಹೇಳಿಕೊಂಡಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಅಡುಗೆಮನೆಯ ನೆಲ. ನಾನು ಚಿತ್ತಾಪುರದಲ್ಲಿ ಓದುತ್ತಿದ್ದಾಗ ಭೂಗೋಳದ ಮಾಸ್ತರರು ಒಮ್ಮೆ, ನೆಲಕ್ಕೆ ಹಾಸುವ ಶಹಾಬಾದದ ಫರಸಿ ಕಲ್ಲೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿದ್ದ ಕೆಸರು ಎಂದು ಹೇಳಿಬಿಟ್ಟರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ. ನನ್ನ ತಲೆಯಿಂದ ಅದು ಹೋಗಲೂ ಇಲ್ಲ. ಮದುವೆಯಾಗಿ ಸೇಡಂಗೆ ಬಂದರೆ ಈ ಮನೆಯ ತುಂಬ ಅದೇ ಕಲ್ಲು. ನೆಲ ಒರೆಸುವಾಗ ನೀರು ಬಿದ್ದ ಕೂಡಲೇ ಬೂದು ಕಲ್ಲು ಕಪ್ಪು ನೀಲಿಗೆ ತಿರುಗಿ, ಮೈಮೇಲೆ ಸಣ್ಣ ಸಣ್ಣ ತೆರೆಯಂಥ ಗೆರೆಗಳು ಏಳುತ್ತವೆ. ನಾನು ಒರೆಸುವ ಬಟ್ಟೆ ಹಿಡಿದು ಹಾಗೇ ಕೂತುಬಿಡುತ್ತಿದ್ದೆ. ಅತ್ತೆಯವರು ಇದ್ದಾಗ, "ಏನ್ ಹುಡಿಕ್ಯಾಡಾಕತ್ತಿ, ಮೂಗಬಟ್ಟ ಬಿದ್ದದೇನು?" ಎಂದು ಕೇಳುತ್ತಿದ್ದರು. ಸಮುದ್ರ ಬಿದ್ದಿದೆ ಎಂದು ಹೇಗೆ ಹೇಳಲಿ? "ಹೂಂ ರಿ, ಸಿಕ್ತು" ಎಂದು ಬೇಗ ಬೇಗ ಒರೆಸಿ ಏಳುತ್ತಿದ್ದೆ.

ಇದ್ದ ಕಿಡಿಗೆ ಗಾಳಿ ಹಾಕಿದವಳು ನನ್ನ ತಂಗಿ ಸುಧಾ. ಅವಳ ಗಂಡನಿಗೆ ಪಣಜಿಯ ಬ್ಯಾಂಕಿನಲ್ಲಿ ಕೆಲಸ. ಒಮ್ಮೆ ದೀಪಾವಳಿಗೆ ಬಂದವಳು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಹೇಳಿದಳು: "ಅಕ್ಕಾ, ಮುಂಬೈದಾಗ ಮುಂಜಾನೆ ಹಡಗ ಹತ್ತಿದ್ರ ಮರುದಿನ ಮುಂಜಾನೆ ಪಣಜಿ. ರಾತ್ರಿ ಡೆಕ್ಕಿನ ಮ್ಯಾಲ ಜಮಖಾನಿ ಹಾಸ್ಕೊಂಡು ಮಲ್ಕೋಬೇಕು ನೋಡು. ಮ್ಯಾಲ ಚುಕ್ಕಿ, ಕೆಳಗ ನೀರು. ದೂರ ಯಾವುದರೆ ಊರಿನ ದೀಪ ಕಂಡ್ರ, ಪಾಪ, ಅವರು ನೆಲದ ಮ್ಯಾಲ ಇದ್ದಾರಲ್ಲ ಅನಸ್ತದ." ಆ ಕೊನೆಯ ಮಾತು ನನಗೆ ನಾಟಿತು. ಹುಟ್ಟಿದಾಗಿನಿಂದ ನೆಲದ ಮೇಲೇ ಇದ್ದವಳು ನಾನು. ನೆಲದ ಮೇಲಿರುವವರನ್ನು ಕಂಡು ಪಾಪ ಎನ್ನುವ ಸುಖ ಹೇಗಿರುತ್ತದೆ ಎಂದು ಒಂದೇ ಒಂದು ರಾತ್ರಿಯ ಮಟ್ಟಿಗಾದರೂ ತಿಳಿಯಬೇಕು ಅನ್ನಿಸಿತು. ಆ ದಿನವೇ ನಮ್ಮವರಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ. ಮುಂದಿನ ಮೇ ತಿಂಗಳಲ್ಲಿ ರಜೆ ಹಾಕಿದರು. ಹುಬ್ಬಳ್ಳಿಯ ಮೇಲೆ ನೆಟ್ಟಗೆ ಹೋಗುವ ಪಣಜಿಗೆ ಇವರು ಮುಂಬೈ ಸುತ್ತಿ ಹೋಗುತ್ತಾರಂತೆ ಎಂದು ಅವರ ಕಚೇರಿಯಲ್ಲೆಲ್ಲ ನಗೆಯಾಯಿತು. ಪುಣ್ಯಾತ್ಮ ಅದನ್ನೂ ಸಹಿಸಿಕೊಂಡರು.

ಇಲ್ಲಿ ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಊರಿನ ಎಲ್ಲರಂತೆ, ಆದರೆ ಎಲ್ಲರಿಗಿಂತ ಒಂದು ಕೈ ಮೇಲಾಗಿ, ಮರ್ಯಾದಸ್ಥರು. ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲಕ್ಕೇ ಕೈ ಚಾಚುವುದು ಆಸೆಬುರುಕತನ. "ಬ್ಯಾಡ್ರಿ, ಈಗ ಆಗ್ಯದ" ಅನ್ನಬೇಕು. ಅವರು ಒತ್ತಾಯ ಮಾಡಬೇಕು. "ಯಾಕ್ರಿ ಸುಮ್ನ ತಕಲೀಫು" ಅನ್ನಬೇಕು. ಅವರು ಇನ್ನೊಮ್ಮೆ ಒತ್ತಾಯ ಮಾಡಬೇಕು. ಆಗ, "ನೀವು ಇಷ್ಟ ಅಂತೀರಂದ್ರ" ಎಂದು ಚಹಾದ ಕಪ್ಪಿಗೆ ಕೈ ಹಾಕಬೇಕು. ಹಾಗೆಯೇ ನಮ್ಮದೇನಾದರೂ ಇದ್ದರೆ ಎದುರಿನವರಿಗೆ ಕೊಡಲು ನಾವೇ ಮುಂದಾಗಬೇಕು. ಛೆ ಛೆ ಎಂದು ಅವರು ಹಿಂದೆ ಸರಿಯಬೇಕು. ಚಹಾ ಆರುತ್ತದೆ, ನಿಜ. ಆದರೆ ಯಾರ ಮಾನವೂ ಹೋಗುವುದಿಲ್ಲ. ಈ ಕಲೆಯಲ್ಲಿ ನಮ್ಮವರಿಗೆ ಸರಿಜೋಡಿ ಪಕ್ಕದ ಮನೆಯ ಟೇಲರ್ ಮೆಹಬೂಬಸಾಬರು. ಒಮ್ಮೆ ಇವರಿಬ್ಬರೂ ನಮ್ಮ ಹೊಸ್ತಿಲ ಮುಂದೆ ನೀವು ಮೊದಲು, ನೀವು ಮೊದಲು ಎಂದು ನಿಂತಿದ್ದಾಗ ಓಣಿಯ ಆಡೊಂದು ಇಬ್ಬರ ನಡುವೆ ನುಸುಳಿ ಒಳಗೆ ಬಂದು, ನಾನು ಮೊರದಲ್ಲಿ ಹರವಿದ್ದ ತೊಗರಿ ತಿಂದು, ಮತ್ತೆ ಅವರ ನಡುವೆಯೇ ನುಸುಳಿ ಹೊರಗೆ ಹೋಯಿತು.

ಅಂತೂ ಹೊರಟೆವು. ತಂಗಿಗೆಂದು ಶೇಂಗಾ ಹೋಳಿಗೆ, ದಾರಿಗೆಂದು ಸಜ್ಜಿ ರೊಟ್ಟಿ, ನಂಚಿಕೊಳ್ಳಲು ಖಾರದ ಹಿಂಡಿ. ವಾಡಿಯಲ್ಲಿ ಗಾಡಿ ಬದಲಿಸಿ ಮುಂಬೈ ಮೇಲ್ ಹತ್ತಿದೆವು. ಸೊಲ್ಲಾಪುರ ದಾಟಿದ ಮೇಲೆ ನಾನು ಗಂಟು ಬಿಚ್ಚಿದೆ. ಎದುರಿಗೆ ಕೂತಿದ್ದ ತರುಣನಿಗೆ ನಮ್ಮವರು ಪದ್ಧತಿಯ ಪ್ರಕಾರ, ಬನ್ನಿ ಊಟ ಮಾಡೋಣ ಎಂದು ಹಿಂದಿಯಲ್ಲಿ ಕರೆದರು. ಆತ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕೂತ! ಒಂದು ಸಲವೂ ಬೇಡ ಅನ್ನಲಿಲ್ಲ. ನಾವು ನೋಡುತ್ತಿದ್ದಂತೆ ರೊಟ್ಟಿ ಮುಗಿಯಿತು, ಹಿಂಡಿ ಮುಗಿಯಿತು. ನಮ್ಮವರು ಖಾಲಿ ಬಟ್ಟೆ ಝಾಡಿಸುತ್ತ, "ಪಾಪ, ಹಸದಿದ್ದ" ಎಂದರು. ಸೊಲ್ಲಾಪುರದ ಆಚೆಗೆ ಕಾನೂನು ಬೇರೆ ಎಂದು ನಮಗೆ ಅಲ್ಲೇ ತಿಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ಬಂದರಿನ ಧಕ್ಕೆಗೆ ಹೋದೆವು. ಹಡಗು ನಿಂತಿತ್ತು. ಬಿಳಿಯ ಮೈ, ಸಾಲಾಗಿ ದುಂಡನೆಯ ಕಿಟಕಿಗಳು, ಮೇಲೆ ಹೊಗೆ ಬಿಡುವ ಕೊಳವೆ. ನಮ್ಮ ತಹಸೀಲ ಕಚೇರಿಯನ್ನು ನೀರಿನ ಮೇಲೆ ನಿಲ್ಲಿಸಿದಷ್ಟು ದೊಡ್ಡದು, ಆದರೆ ಮೆಲ್ಲಗೆ ಉಸಿರಾಡುತ್ತಿತ್ತು. ನೀರಿನ ವಾಸನೆ, ಮೀನಿನ ವಾಸನೆ, ಎಣ್ಣೆಯ ವಾಸನೆ ಎಲ್ಲ ಸೇರಿ ಮೂಗಿಗೆ ಬಡಿದಾಗ ನನಗೆ ಸುಮ್ಮನೆ ಕಣ್ಣಲ್ಲಿ ನೀರು ಬಂತು. "ಬಿಸಲಿಗಿ ಕಣ್ಣಾಗ ನೀರ ಬರಾಕತ್ತಾವ" ಎಂದೆ. ಮೋಡ ಕವಿದಿತ್ತು, ಆದರೂ ನಮ್ಮವರು ತಮ್ಮ ಕರವಸ್ತ್ರ ಕೊಟ್ಟರು.

ಮಳೆಗಾಲದಲ್ಲಿ ಈ ಹಡಗುಗಳು ಓಡುವುದಿಲ್ಲ. ಅಂದಿನದು ಬಿಟ್ಟರೆ ಮೂರು ದಿನದ ನಂತರ ಇನ್ನೊಂದು, ಆ ವರ್ಷಕ್ಕೆ ಅದೇ ಕೊನೆ. ಹೀಗಾಗಿ ಜನ ಮುಗಿಬಿದ್ದಿದ್ದರು. ಟಿಕೆಟ್ ಮಾರಿದವರು ಹಡಗಿನಲ್ಲಿ ಎಷ್ಟು ಜಾಗ ಎಂದು ನೋಡದೆ ಮಾರಿಬಿಟ್ಟಿದ್ದರು. ಬಿಳಿ ಅಂಗಿಯ ಗುಮಾಸ್ತನೊಬ್ಬ ಬೆವರು ಒರೆಸಿಕೊಳ್ಳುತ್ತ ಸಾಲಿನ ಉದ್ದಕ್ಕೂ ಬಂದ. ಜನ ಹೆಚ್ಚಾಗಿದ್ದಾರೆ, ಯಾರಾದರೂ ಇವತ್ತಿನ ಡೆಕ್ಕಿನ ಟಿಕೆಟ್ ಬಿಟ್ಟುಕೊಟ್ಟರೆ ಮುಂದಿನ ಹಡಗಿನಲ್ಲಿ ಕ್ಯಾಬಿನ್ ಕೊಡುತ್ತೇವೆ, ಊಟವೂ ನಮ್ಮದೇ, ಮೇಲೆ ಒಂದು ಪೈಸೆ ಬೇಡ ಎಂದ. ಕ್ಯಾಬಿನ್ ಎಂದರೆ ದುಂಡು ಕಿಟಕಿ! ಮಲಗಿದಲ್ಲಿಂದಲೇ ಸಮುದ್ರ! ಆತ ನೇರವಾಗಿ ನಮ್ಮವರನ್ನೇ ನೋಡಿ ಕೇಳಿದ. ಇವರಿಗೂ ಮನಸ್ಸು ಪೂರ್ತಿ ಇತ್ತು, ಕಣ್ಣೇ ಹೇಳುತ್ತಿತ್ತು. ಆದರೆ ಬಾಯಿ ಸೇಡಂನದು. "ರಹನೇ ದೋ ಸಾಬ್, ಆಪ್ಕೋ ಕೈಕು ತಕಲೀಫ್" ಎಂದು ಬೇಡ ಅಂದುಬಿಟ್ಟರು. ಆಯಿತು, ಇನ್ನೊಮ್ಮೆ ಕೇಳುತ್ತಾನೆ, ಮತ್ತೊಮ್ಮೆ ಕೇಳುತ್ತಾನೆ, ಆಮೇಲೆ ಹೂಂ ಅನ್ನುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ. ಆತ ಕೇಳಲಿಲ್ಲ. ನಮ್ಮ ಹಿಂದೆ ಇದ್ದ ಹೊಸದಾಗಿ ಮದುವೆಯಾದ ಜೋಡಿಯ ಕಡೆ ತಿರುಗಿದ. ಅವರು ಅವನ ಮಾತು ಮುಗಿಯುವುದರೊಳಗೆ ಹೂಂ ಅಂದರು. "ಅವಾ ಯಾಕ ತಿರುಗಿ ಕೇಳಲಿಲ್ಲ?" ಎಂದು ನಮ್ಮವರು ನನ್ನನ್ನು ಕೇಳಿದರು, ನಾನೇ ಹಡಗಿನ ಯಜಮಾನಿ ಎಂಬಂತೆ.

ಹೋಗಲಿ, ಕೈಯಲ್ಲಿ ಡೆಕ್ಕಿನ ಟಿಕೆಟ್ ಇದೆ, ನನಗೆ ಬೇಕಾದದ್ದೂ ಚುಕ್ಕಿಯೇ ಎಂದು ಸಮಾಧಾನ ಮಾಡಿಕೊಂಡೆ. ಹಲಗೆಯ ಸೇತುವೆಯ ತನಕ ಬಂದೆವು. ಅಲ್ಲಿ ಇನ್ನೂ ಇಬ್ಬರು ಹೆಚ್ಚಾದರು. ಟ್ರಂಕು ಹೊತ್ತ ಒಬ್ಬ ದಪ್ಪನೆಯ ತಾಯಿ, ಅವಳ ಮಗಳು. ನಾಡಿದ್ದು ಊರಿನಲ್ಲಿ ಮದುವೆ ಇದೆ, ಹೋಗಲೇಬೇಕು ಎಂದು ಆಕೆ ಗುಮಾಸ್ತನ ಜೊತೆ ಜಗಳಕ್ಕೆ ನಿಂತಿದ್ದಳು. ನಮ್ಮವರಿಗೆ ಸುಮ್ಮನೆ ಇರುವುದಾಗಲಿಲ್ಲ. "ಹಾಗಾದರೆ ನೀವು ಹೋಗಿ, ನಾವು ಮುಂದಿನದಕ್ಕೆ ಹೋಗುತ್ತೇವೆ" ಎಂದರು. ಸೇಡಂನಲ್ಲಾಗಿದ್ದರೆ ಆಕೆ, "ಛೆ ಛೆ, ಅದ್ಹೆಂಗ ಆಗ್ತದ್ರಿ, ದೂರದಿಂದ ಬಂದೀರಿ ನೀವು" ಅನ್ನುತ್ತಿದ್ದಳು. ನಾವು ನಾಲ್ಕು ಸಲ ಕೈ ಮುಗಿದು ಹಡಗು ಹತ್ತುತ್ತಿದ್ದೆವು. ಈಕೆ "ಥ್ಯಾಂಕ್ಯೂ" ಎಂದಳು. ಟ್ರಂಕು ಎತ್ತಿದಳು. ಹೋದಳು.

ಹಡಗು ದಂಡೆ ಬಿಟ್ಟಿತು. ಮೊದಲು ಒಂದು ಗೇಣು ನೀರು ನಡುವೆ ಕಂಡಿತು, ಆಮೇಲೆ ಒಂದು ಮಾರು, ಆಮೇಲೆ ಕಾಗಿಣಾ ನದಿಯಷ್ಟು. ಆ ತಾಯಿ ಮಗಳು ಮೇಲಿನಿಂದ ನಮಗೆ ಕೈ ಬೀಸಿದರು. ಪಾಪ, ನೆಲದ ಮೇಲಿದ್ದಾರಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಮೂರು ದಿನ ಧರ್ಮಶಾಲೆಯಲ್ಲಿದ್ದೆವು. ದಿನವೂ ಸಂಜೆ ನಮ್ಮವರು ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ, ಚುರಮುರಿ ಕೊಡಿಸಿ, "ನೋಡು, ಇದೂ ಅದೇ ನೀರು" ಅನ್ನುತ್ತಿದ್ದರು. ಹೌದು, ಅದೇ ನೀರು. ಆದರೆ ಕಾಲ ಕೆಳಗೆ ಇರಬೇಕಾದ್ದು ಕಣ್ಣ ಮುಂದೆ ಇತ್ತು. ಕೊನೆಯ ಹಡಗಿನ ದಿನ ಹೋದರೆ ಭಾರಿ ಗಾಳಿ ಮಳೆ. ಬಂದರಿನಲ್ಲಿ ಬಿರುಗಾಳಿಯ ಗುರುತು ಏರಿಸಿದ್ದರು. ಹಡಗು ಇಲ್ಲ, ಇನ್ನು ಮಳೆಗಾಲ ಮುಗಿದ ಮೇಲೆ ಬನ್ನಿ ಎಂದರು. ಹೊಸ ಜೋಡಿಯೂ ಅಲ್ಲೇ ಒಂದೇ ಛತ್ರಿಯಡಿ ನೆನೆಯುತ್ತ ನಿಂತಿತ್ತು. ಇವರ ರಜೆ ಮುಗಿದಿತ್ತು. ತಂಗಿಯ ಹೋಳಿಗೆಯನ್ನು ಗಾಡಿಯಲ್ಲಿ ನಾವೇ ತಿಂದು ವಾಡಿಯಲ್ಲಿ ಇಳಿದೆವು. ಮಳೆಯ ಸುಳಿವೇ ಇರಲಿಲ್ಲ, ಸುಡುಸುಡು ಬಿಸಿಲು. ನಾನು ಅತ್ತುಬಿಟ್ಟೆ.

ಆ ಅಳು ನಮ್ಮವರಿಗೆ ತಾಗಿತು. ಅವರು ಮನುಷ್ಯರೇ ಬದಲಾದರು. "ಇನ್ನ ಮ್ಯಾಲ ಒಂದ ಮಾತು. ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಮುಂಬೈ ಜನ ಹಂಗ ಇದ್ದಾರಂತ ಮುಂದ ಹೋಗ್ಯಾರ" ಎಂದು ಸಾರಿಬಿಟ್ಟರು. ಅದರ ಮೊದಲ ಬಲಿ ಮೆಹಬೂಬಸಾಬರು. ಬಂದು ಕೂತರು. "ಚಹಾ ತಗೋತೀರೇನು?" ಎಂದು ಇವರು ಕೇಳಿದರು. "ಬ್ಯಾಡ್ರಿ ರಾಯರ" ಎಂದು ಅವರು ಪದ್ಧತಿಯಂತೆ ಅಂದರು. "ಆಯ್ತು" ಎಂದು ಇವರು ಮಾತು ಮುಂದುವರಿಸಿದರು. ಪಾಪ, ಮೆಹಬೂಬಸಾಬರು ಒಲೆಯ ಕಡೆ ನೋಡುತ್ತ ನೋಡುತ್ತ ಎದ್ದು ಹೋದರು. ನಾನು ಹಿತ್ತಲ ಬಾಗಿಲಿನಿಂದ ಚಹಾ ಒಯ್ದು ಕೊಟ್ಟರೆ, "ವೈನಿ, ರಾಯರಿಗಿ ಮೈಯಾಗ ಆರಾಮ ಅದೇನ್ರಿ? ಮುಂಬೈ ಹವಾ ಬಡದಂಗ ಕಾಣ್ತದ" ಎಂದು ಸಣ್ಣ ದನಿಯಲ್ಲಿ ಕೇಳಿದರು. ಎರಡು ಸಲ ಬೇಡ ಅಂದ ಮೇಲೆಯೇ ಕಪ್ಪು ತೆಗೆದುಕೊಂಡರು.

ಹೀಗೇ ಕೆಲವು ವರ್ಷ ಹೋದವು. ಒಂದು ಚಳಿಗಾಲದ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಅಂಗಿ ಕಳಚುತ್ತ ಅಡುಗೆಮನೆಯ ಬಾಗಿಲಿಗೆ ಬಂದು, "ರಜಾ ಸಿಗ್ತದ. ಹಡಗಿಗಿ ಹೋಗಮೇನು? ಟಿಕೀಟಿಗಿ ಬರೀಲೇನು?" ಎಂದರು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಬಿಳಿಯ ಮೈ, ದುಂಡು ಕಿಟಕಿ, ಆ ವಾಸನೆ ಎಲ್ಲ ಒಲೆಯ ಮುಂದೆ ಬಂದು ನಿಂತವು. ಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಬ್ಯಾಡ ಬಿಡ್ರಿ, ಯಾಕ ಸುಮ್ನ ತ್ರಾಸು" ಎಂದಿತು.

"ಆಯ್ತು" ಎಂದು ಇವರು ಕೈಕಾಲು ತೊಳೆಯಲು ಹೋದರು.

ಅಂದಿನಿಂದ ನಾನು ಎರಡನೆಯ ಸಲಕ್ಕೆ ಕಾಯುತ್ತಿದ್ದೇನೆ. ಹಬ್ಬ ಬಂದಾಗ, ರಜೆ ಬಂದಾಗ, ಸುಧಾ ಬಂದು ಹೋದಾಗ ಇವರ ಬಾಯನ್ನೇ ನೋಡುತ್ತೇನೆ. ಕೇಳುವುದಿಲ್ಲ. ಒಂದೇ ಮಾತಿನ ಮನುಷ್ಯ!

ಮೊನ್ನೆ ತಡೆಯಲಾರದೆ, ನನ್ನ ಆಸೆ ಎಂದು ಹೇಳದೆ, ನೆಲ ಒರೆಸುತ್ತ ಹೊರಗಿನ ಕೋಣೆಯಲ್ಲಿದ್ದ ಇವರನ್ನು ಕೇಳಿದೆ: "ನಿಮಗ ಹಡಗಿನ್ಯಾಗ ಹೋಗಬೇಕು ಅನಸ್ತದೇನ್ರಿ?" ಇವರು ಪೇಪರಿನ ಹಿಂದಿನಿಂದ, "ಏ, ಬ್ಯಾಡ ಬಿಡು. ಆ ಗದ್ದಲದಾಗ ಯಾರು ಹೋಗ್ತಾರ" ಎಂದರು. ಬ್ಯಾಡ ಅಂದರೆ ಬ್ಯಾಡ, ಇವರದೇ ಕಾನೂನು. "ಆಯ್ತ್ರಿ" ಎಂದು ಬಟ್ಟೆ ಹಿಂಡಲು ಎದ್ದೆ. ಅಡುಗೆಮನೆಯ ಹೊಸ್ತಿಲ ಬಳಿ ತಿರುಗಿ ನೋಡಿದರೆ ಇವರು ಪೇಪರು ಕೆಳಗಿಳಿಸಿ ನನ್ನ ಕಡೆಯೇ ನೋಡುತ್ತಿದ್ದರು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಚಹಾ ಬೇಡ ಎಂದು ಹೇಳಿ, ಕಪ್ಪಿನ ಮೇಲೆ ಕಣ್ಣಿಟ್ಟು ಕೂತವರ ಮುಖ ಅದು. ಹಡಗಿನ ಆಸೆ ಈ ಮನೆಯಲ್ಲಿ ನನಗೊಬ್ಬಳಿಗೇ ಇದೆ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ!

ಅಲ್ಲೇ ಇನ್ನೊಂದು ಸಲ ಕೇಳಿಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ನನ್ನನ್ನು ಮೊದಲು ಕೇಳಿದವರು ಅವರು; ಹಾಗಾದರೆ ಎರಡನೆಯ ಸಲ ಕೇಳುವ ಪಾಳಿಯೂ ಮೊದಲು ಅವರದೇ ಅಲ್ಲವೇ? ಅವರು ಕೇಳಲಿ ಎಂದು ನಾನು, ಇವಳು ಕೇಳಲಿ ಎಂದು ಅವರು, ಹೊಸ್ತಿಲ ಆಚೆಗೊಬ್ಬರು ಈಚೆಗೊಬ್ಬರು ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದೆವು. ಈ ಸಲ ನಡುವೆ ನುಸುಳಲು ಆಡೂ ಇರಲಿಲ್ಲ. ಫರಸಿಯ ಮೇಲಿನ ನೀರು ಆರಿ, ಕಲ್ಲು ಮತ್ತೆ ಬೂದು ಬಣ್ಣಕ್ಕೆ ತಿರುಗುವ ತನಕ ನಿಂತಿದ್ದೆ. ಆಮೇಲೆ ಚಹಾ ಬೇಕೇನು ಎಂದು ಕೇಳಿದೆ. ಬೇಡ ಅಂದರು.